ಜೈಲು ಸುಧಾರಣೆ: ಸಿಟ್ಟಿಗೂ ಒಂದು ಮಿತಿ, ಕನಿಕರಕ್ಕೂ ಒಂದು ಮಿತಿ

ಕೋಟೆ ಕೆಳಗಿನವನು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹೊರಗಿನವರಿಗೆ ಬಳ್ಳಾರಿ ಅಂದ ಕೂಡಲೇ ನೆನಪಾಗುವುದು ಬಿಸಿಲು, ಗಣಿ, ಜೈಲು. 2024ರ ಆಗಸ್ಟ್‌ನಲ್ಲಿ ಒಬ್ಬ ಸಿನಿಮಾ ನಟನನ್ನು ಪರಪ್ಪನ ಅಗ್ರಹಾರದಿಂದ ಇಲ್ಲಿಗೆ ತಂದಾಗ ಊರಲ್ಲೆಲ್ಲ ಅದೇ ಮಾತು. ಯಾವ ಸೆಲ್, ಟೀವಿ ಇದೆಯಾ, ಕುರ್ಚಿ ಕೊಟ್ಟರಾ ಅಂತ. ಅದೇ ಗೋಡೆಯ ಹಿಂದೆ ಇದ್ದ ಉಳಿದವರ ಬಗ್ಗೆ ಯಾರಾದರೂ ವಿಚಾರಿಸಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಆಗಿನಿಂದ ಒಂದು ಪ್ರಶ್ನೆ ತಲೆಯಲ್ಲಿದೆ. ಪ್ರಜಾಪ್ರಭುತ್ವದಲ್ಲಿ ಜೈಲು ಹೇಗಿರಬೇಕು? ಈ ಮಾತು ಬಂದಾಗ ಎರಡೇ ದನಿ ಜೋರಾಗಿ ಕೇಳುತ್ತವೆ. ಒಂದು, "ಒಳಗೇ ಕೊಳೆಯಲಿ ಬಿಡಿ." ಇನ್ನೊಂದು, "ಎಲ್ಲರನ್ನೂ ತಿದ್ದಿ ಒಳ್ಳೆಯವರನ್ನಾಗಿ ಮಾಡಿ ಕಳಿಸೋಣ." ನಡುವೆ ನಿಂತು ಮಾತಾಡುವವರನ್ನು ಎರಡೂ ಕಡೆಯವರು ಹೇಡಿ ಅಂತಾರೆ. ನನಗೆ ಹಾಗನಿಸುವುದಿಲ್ಲ. ರಾಜಕೀಯದಲ್ಲಿ ಮಿತಿ ಇಟ್ಟುಕೊಳ್ಳುವುದು ತುಂಬ ಧೈರ್ಯದ ಕೆಲಸ. ಸರ್ಕಾರದ ಕೈಗೆ ಒಬ್ಬ ಮನುಷ್ಯ ಪೂರ್ತಿ ಸಿಕ್ಕಿಬಿಟ್ಟಿದ್ದಾನೆ. ಆ ಕೈ ಎಲ್ಲಿ ನಿಲ್ಲಬೇಕು ಅಂತ ಹೇಳಬೇಕು, ಅದೂ ಊರಿಗೆ ಊರೇ ಅವನ ಮೇಲೆ ಉರಿಯುತ್ತಿರುವಾಗ.

ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲೇ ಇದನ್ನು ಬರೆದ. ಭಯ ಹುಟ್ಟಿಸಿ ಆಳುವವರಿಗೆ ಘೋರ ಶಿಕ್ಷೆ ಬೇಕು. ಮಿತಿ ತಿಳಿದು ಆಳುವವರಿಗೆ ಬೇಕಿಲ್ಲ. ಜನ ಒಂದು ಸಲ ಕ್ರೌರ್ಯಕ್ಕೆ ಒಗ್ಗಿಹೋದರೆ ಆಮೇಲೆ ಅದೂ ಸಾಲುವುದಿಲ್ಲ, ಇನ್ನಷ್ಟು ಬೇಕಾಗುತ್ತದೆ. 1764ರಲ್ಲಿ ಇಟಲಿಯ ಬೆಕಾರಿಯಾ ಇನ್ನೊಂದು ಹೆಜ್ಜೆ ಮುಂದೆ ಹೋದ. ಶಿಕ್ಷೆ ಎಷ್ಟು ಕಠಿಣ ಅನ್ನುವುದಲ್ಲ, ಎಷ್ಟು ಖಚಿತ, ಎಷ್ಟು ಬೇಗ ಅನ್ನುವುದೇ ಅಪರಾಧ ತಡೆಯುತ್ತದೆ ಅಂದ.

ನಮ್ಮಲ್ಲಿ ನಡೆಯುತ್ತಿರುವುದು ಪೂರ್ತಿ ಉಲ್ಟಾ. ತೀರ್ಪು ಯಾವಾಗ ಬರುತ್ತದೋ ದೇವರೇ ಬಲ್ಲ, ಜೈಲು ಮಾತ್ರ ಮೊದಲೇ ಬಂದುಬಿಡುತ್ತದೆ. 2022ರ ಕೊನೆಯ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ ಇದ್ದವರು 5,73,220. ಜಾಗ ಇದ್ದದ್ದು 4,36,266 ಜನಕ್ಕೆ. ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನರು, ನೂರಕ್ಕೆ ಸುಮಾರು 76. ಇವರು ತಪ್ಪು ಮಾಡಿದ್ದಾರೆ ಅಂತ ಆ ಪ್ರಕರಣದಲ್ಲಿ ಯಾವ ಕೋರ್ಟೂ ಇನ್ನೂ ಹೇಳಿಲ್ಲ.

ನೀವು ಏನಂತೀರಿ?

ಸಿರುಗುಪ್ಪ ರೈತ

ತಮ್ಮಾ, ಪೂರ್ತಿ ಓದಿದೆ. ಈಗ ನನ್ನದೂ ಕೇಳು. ಹೊಲದ ಬದುವಿನ ಜಗಳದಲ್ಲಿ ನಮ್ಮ ಅಣ್ಣನನ್ನು ಕೊಡಲಿಯಲ್ಲಿ ಹೊಡೆದು ಕೊಂದರು. ಹೊಡೆದವನು ಜಾಮೀನಿನ ಮೇಲೆ ಹೊರಗೆ ಬಂದ. ಬೆಳಗ್ಗೆ ಊರ ಹೋಟೆಲ್ ಕಟ್ಟೆ ಮೇಲೆ ಕೂತು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದ. ಆ ಹೋಟೆಲ್ ಎದುರಿಗೇ ನಲ್ಲಿ. ನಮ್ಮ ಅತ್ತಿಗೆ ಕೊಡ ಹಿಡಿದು ದಿನಾ ಅಲ್ಲಿಗೇ ಹೋಗಬೇಕು. ಅವಳು ತಲೆ ಬಗ್ಗಿಸಿ ನೀರು ಹಿಡಿಯುವುದು, ಅವನು ತಲೆ ಎತ್ತಿ ಚಹಾ ಕುಡಿಯುವುದು. ಇದನ್ನು ಕಣ್ಣಾರೆ ಕಂಡವರಿಗೆ ಮಾಂಟೆಸ್ಕ್ಯೂ ಏನು ಹೇಳುತ್ತಾನೆ?

ಕೈದಿಗಳ ಹಕ್ಕಿನ ಬಗ್ಗೆ ಭಾಷಣ ಮಾಡಲು ಬಂದವರಲ್ಲಿ ಒಬ್ಬರಾದರೂ ನಮ್ಮ ಮನೆ ಬಾಗಿಲಿಗೆ ಬರಲಿಲ್ಲ. ಅದೇ ನನ್ನ ಹೊಟ್ಟೆಯ ಸಂಕಟ.

ಬಳ್ಳಾರಿ ವಕೀಲೆ

ಅಣ್ಣಾ, ನಿಮ್ಮ ಅತ್ತಿಗೆಯನ್ನು ಬಿಟ್ಟು ಸುಧಾರಣೆ ಮಾತಾಡಿದರೆ ಆ ಮಾತಿಗೆ ಬೆಲೆ ಇಲ್ಲ. ಇದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೇಳುತ್ತೇನೆ.

ಜಾಮೀನು ಕೊಡುವಾಗ "ಆ ಊರಿಗೆ ಕಾಲಿಡಬಾರದು, ಸಾಕ್ಷಿಗಳ ಹತ್ತಿರ ಸುಳಿಯಬಾರದು" ಅಂತ ಷರತ್ತು ಹಾಕಲು ಕೋರ್ಟಿಗೆ ಅಧಿಕಾರ ಇದೆ. ಅದನ್ನು ಮುರಿದರೆ ಜಾಮೀನು ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಎಷ್ಟೋ ಮನೆಯವರಿಗೆ ಇದನ್ನು ಯಾರೂ ಹೇಳುವುದೇ ಇಲ್ಲ. ನೊಂದವರಿಗೆ ಪರಿಹಾರ ಕೊಡುವ ಯೋಜನೆಯೂ ಕಾನೂನಿನಲ್ಲೇ ಇದೆ, ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ.

ಈಗ ಇನ್ನೊಂದು ಮುಖ ನೋಡಿ. ಆ ಮನುಷ್ಯನಿಗೆ ಹೊಲ ಇತ್ತು, ಪಹಣಿ ಇತ್ತು, ಶ್ಯೂರಿಟಿ ನಿಲ್ಲುವ ನೆಂಟರಿದ್ದರು. ಹಾಗಾಗಿ ಹೊರಗೆ ಬಂದ. ಕೋರ್ಟಿನ ವರಾಂಡದಲ್ಲಿ ಒಂದು ದಿನ ನಿಂತು ನೋಡಿ. ಕೊಲೆ ಕೇಸಿನವನ ಕಡೆಯವರು ಪಹಣಿಯ ಕಟ್ಟೇ ಹಿಡಿದುಕೊಂಡು ಬಂದಿರುತ್ತಾರೆ. ಮೊಬೈಲ್ ಕದ್ದ ಹುಡುಗನ ತಾಯಿಯ ಕೈಯಲ್ಲಿ ರೇಷನ್ ಕಾರ್ಡ್ ಮಾತ್ರ. ಒಳಗೆ ಉಳಿಯುವವನು ಇವಳ ಮಗ. ಅಪಾಯ ಎಷ್ಟು ಅಂತ ನೋಡಿ ಒಳಗೆ ಇಟ್ಟಿದ್ದರೆ ನೀವೂ ನಾನೂ ಒಪ್ಪಬಹುದಿತ್ತು. ಈಗ ಲೆಕ್ಕಕ್ಕೆ ಬರುವುದು ಎಕರೆ.

1978ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೋತಿರಾಮ್ ಪ್ರಕರಣ ಇದೇ. ಅವನು ಗಾರೆ ಕೆಲಸದವನು. 10,000 ರೂಪಾಯಿ ಶ್ಯೂರಿಟಿ ತಾ ಅಂದರು. ಅಣ್ಣ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ನಡೆಯುವುದಿಲ್ಲ ಅಂತ ಕೆಳಗಿನ ಕೋರ್ಟು ವಾಪಸ್ ಕಳಿಸಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿದರು. ಬಳ್ಳಾರಿಗೆ ಆದೋನಿ, ಗುಂತಕಲ್ಲು, ರಾಯದುರ್ಗದ ಕಡೆಯಿಂದ ದುಡಿಯಲು ಬರುವವರು ಎಷ್ಟು ಜನ! ಅವರ ನೆಂಟರೆಲ್ಲ ಗಡಿಯ ಆಚೆ. ಈ ತೀರ್ಪು ಬೇರೆ ಊರಿಗಿಂತ ನಮ್ಮ ಊರಿಗೇ ಜಾಸ್ತಿ ಬೇಕು.

ಕೌಲ್ ಬಜಾರ್ ಟೇಲರ್

ವಕೀಲಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಚಿಕ್ಕಪ್ಪನ ಮಗ ನನ್ನ ಜೊತೆ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದ. ಬೈಕ್ ಕಳ್ಳತನದ ಕೇಸಿನಲ್ಲಿ ಹಿಡಿದರು. ಜಾಮೀನು ಮಂಜೂರಾಯಿತು ಅಂತ ಮನೆಯಲ್ಲಿ ಪಾಯಸ ಮಾಡಿದರು. ಅವನು ಬರಲೇ ಇಲ್ಲ. ನಮ್ಮ ಓಣಿಯಲ್ಲಿ ಯಾರ ಹೆಸರಿಗೂ ಜಮೀನಿಲ್ಲ, ಇರುವುದು ಹೊಲಿಗೆ ಮಷೀನು. ಆರ್ಡರ್ ಕೈಯಲ್ಲಿದ್ದರೂ ಅವನು ತಿಂಗಳುಗಟ್ಟಲೆ ಒಳಗೇ ಉಳಿದ. ಯಾವ ಜೈಲು ಅಂತ ಹೇಳುವುದಿಲ್ಲ.

ಚಿಕ್ಕಮ್ಮನ ಜೊತೆ ಮುಲಾಖಾತಿಗೆ ಹೋಗಿದ್ದೆ. ಎರಡು ಸಾಲು ಕಬ್ಬಿಣದ ಜಾಲರಿ, ನಡುವೆ ಒಂದು ಗಜ ಜಾಗ. ಆ ಕಡೆ ಹತ್ತಾರು ಜನ, ಈ ಕಡೆ ಹತ್ತಾರು ಜನ, ಎಲ್ಲರೂ ಒಟ್ಟಿಗೇ ಕೂಗುವುದು. ಚಿಕ್ಕಮ್ಮನಿಗೆ ಕಿವಿ ಮಂದ. ಅವನು ಏನೋ ಕೂಗಿದ, ಅವಳು "ಉಂಡೆಯಾ?" ಅಂದಳು. ಅವನು ಮತ್ತೆ ಕೂಗಿದ, ಅವಳು ಮತ್ತೆ "ಉಂಡೆಯಾ?" ಅಂದಳು. ಟೈಮ್ ಮುಗೀತು. ಶ್ಯೂರಿಟಿಗೆ ಯಾರನ್ನು ಕೇಳಬೇಕು ಅಂತ ಒಂದು ಹೆಸರು ಹೇಳುತ್ತಿದ್ದನಂತೆ ಅವನು. ಅದು ಗೊತ್ತಾಗಿದ್ದು ಹೊರಗೆ ಬಂದ ಮೇಲೆ.

ಅಲ್ಲಿ ಯಾರೂ ಅವನನ್ನು ಹೊಡೆಯಲಿಲ್ಲ, ಸುಳ್ಳು ಹೇಳಬಾರದು. ಆದರೂ ಅವಳಿಗೆ ಮಗನ ಮಾತು ಕೇಳಿಸಬಾರದಿತ್ತಾ?

ಬಳ್ಳಾರಿ ವಕೀಲೆ

ತಮ್ಮಾ, ಇದಕ್ಕೆ ಈಗ ದಾರಿ ಇದೆ, ನೆನಪಿಟ್ಟುಕೊಳ್ಳಿ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಜಾಮೀನು ಆದೇಶ ಬಂದು 7 ದಿನದೊಳಗೆ ಕೈದಿ ಹೊರಗೆ ಬರದಿದ್ದರೆ ಜೈಲು ಅಧೀಕ್ಷಕರು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು. ಅದೇ ವರ್ಷ ಕೇಂದ್ರದ ಯೋಜನೆಯೂ ಬಂತು, ಬಡ ವಿಚಾರಣಾಧೀನ ಕೈದಿಗೆ ಜಾಮೀನಿನ ಹಣ ಒಂದು ಮಿತಿಯ ತನಕ ಸರ್ಕಾರವೇ ಕಟ್ಟುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ 479ನೇ ಕಲಂ ಇನ್ನೊಂದು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡಬೇಕು, ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಇರುವ ಅಪರಾಧಕ್ಕೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಇದ್ದರೂ ಇಲ್ಲ.

ಸಂಡೂರು ಮೇಷ್ಟ್ರು

ಕೋಟೆ ಹುಡುಗ ಸಿಟ್ಟಿನ ಮಿತಿ ಹೇಳಿದ. ನಾನು ಕನಿಕರದ ಕಡೆ ಹೋಗುತ್ತೇನೆ. ನನ್ನ ಪ್ರಕಾರ ಜೈಲಿನ ಚರಿತ್ರೆಯಲ್ಲಿ ತುಂಬ ಹೆದರಿಸುವ ಪಾಠ ಅಲ್ಲೇ ಇದೆ.

1831ರಲ್ಲಿ ಇಬ್ಬರು ಫ್ರೆಂಚ್ ಯುವಕರು ಅಮೆರಿಕಕ್ಕೆ ಹಡಗು ಹತ್ತಿದರು, ತೋಕ್ವಿಲ್ ಮತ್ತು ಬೋಮಾಂಟ್. ತೋಕ್ವಿಲ್‌ಗೆ ಆಗ 25 ವರ್ಷ. ಪ್ರಜಾಪ್ರಭುತ್ವದ ಬಗ್ಗೆ ಅವನು ಬರೆದ ಗ್ರಂಥ ಎಲ್ಲರಿಗೂ ಗೊತ್ತು. ಸರ್ಕಾರ ಅವರಿಬ್ಬರನ್ನು ಕಳಿಸಿದ್ದು ಮಾತ್ರ ಜೈಲು ನೋಡಿ ಬನ್ನಿ ಅಂತ. 1833ರಲ್ಲಿ ಬಂದ ಅವರ ವರದಿಯೂ ಜೈಲುಗಳ ಮೇಲೇ.

ಆಗ ಅಮೆರಿಕದಲ್ಲಿ ಎರಡು ಪದ್ಧತಿ ಇದ್ದವು. ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಹಗಲು ಎಲ್ಲರೂ ಒಟ್ಟಿಗೆ ಕೆಲಸ, ಆದರೆ ಒಂದು ಮಾತೂ ಆಡುವ ಹಾಗಿಲ್ಲ. ಆಡಿದರೆ ಚಾಟಿ. ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಜೈಲಿನಲ್ಲಿ ಚಾಟಿ ಇಲ್ಲ, ಬೈಗುಳ ಇಲ್ಲ. ಕೈದಿಗೆ ಒಂದು ಸೆಲ್ಲು, ಒಂದು ಕೆಲಸ, ಒಂದು ಬೈಬಲ್. ಜೊತೆಗೆ ಹಗಲೂ ರಾತ್ರಿ ಒಂಟಿತನ. ಈ ಯೋಜನೆಯ ಹಿಂದೆ ಇದ್ದವರು ಕ್ರೈಸ್ತರ ಕ್ವೇಕರ್ ಪಂಥದ ಪ್ರಭಾವದ ಧರ್ಮಭೀರು ಜನ. ಹೊಡೆತ ಬಡಿತ ಕಂಡು ಮರುಗಿದವರು. ಒಬ್ಬನೇ ಕೂತು ಯೋಚಿಸಿದರೆ ಮನಸ್ಸು ತಾನಾಗಿಯೇ ತಿರುಗುತ್ತದೆ ಅಂತ ನಂಬಿದ್ದರು.

ಅದಕ್ಕೂ ಮೊದಲು ಆಬರ್ನ್‌ನಲ್ಲಿ ಕೆಲಸವೂ ಕೊಡದೆ ಪೂರ್ತಿ ಒಂಟಿಯಾಗಿ ಇಟ್ಟು ನೋಡಿದ್ದರು. ಸತ್ತವರು ಕೆಲವರು, ಹುಚ್ಚು ಹಿಡಿದವರು ಕೆಲವರು. ಕೊನೆಗೆ ಗವರ್ನರ್ 26 ಜನರನ್ನು ಕ್ಷಮಿಸಿ ಹೊರಗೆ ಕಳಿಸಬೇಕಾಯಿತು. ಇದನ್ನು ದಾಖಲಿಸಿದವರು ಇದೇ ಇಬ್ಬರು. ಎಲ್ಲರಿಗಿಂತ ಹೆಚ್ಚು ಸ್ವಾತಂತ್ರ್ಯ ಇರುವ ಸಮಾಜದಲ್ಲಿ ಜೈಲು ಮಾತ್ರ ಪೂರ್ತಿ ನಿರಂಕುಶ ಅಂತ ಬರೆದವರೂ ಇವರೇ. ಆದರೂ ತೋಕ್ವಿಲ್ 1840ರ ದಶಕದಲ್ಲಿ ಫ್ರಾನ್ಸಿನ ಸಂಸತ್ತಿನಲ್ಲಿ ಒಂಟಿ ಸೆಲ್ಲಿನ ಮಸೂದೆಯ ಪರವಾಗಿ ವಾದಿಸಿದ! ಕೆಳಮನೆ 1844ರಲ್ಲಿ ಒಪ್ಪಿತು. 1848ರ ಕ್ರಾಂತಿ ಬಂದು ಅದು ಅಲ್ಲಿಗೇ ನಿಂತಿತು. ಬಹುಮತದ ದಬ್ಬಾಳಿಕೆಯ ಬಗ್ಗೆ ಅಷ್ಟು ಎಚ್ಚರಿಸಿದ ಮನುಷ್ಯನಿಗೆ ಸೆಲ್ಲಿನೊಳಗಿನ ದಬ್ಬಾಳಿಕೆ ತಡೆಯಬೇಕು ಅನಿಸಲಿಲ್ಲ. ನನಗೆ ಇದು ಇವತ್ತಿಗೂ ನೋವಿನ ವಿಷಯ.

1842ರಲ್ಲಿ ಚಾರ್ಲ್ಸ್ ಡಿಕನ್ಸ್ ಫಿಲಡೆಲ್ಫಿಯಾ ಜೈಲು ನೋಡಿದ. ಇದನ್ನು ಕಟ್ಟಿದವರ ಉದ್ದೇಶ ಒಳ್ಳೆಯದೇ, ತಾವು ಏನು ಮಾಡುತ್ತಿದ್ದೇವೆ ಅನ್ನುವುದೇ ಅವರಿಗೆ ತಿಳಿದಿಲ್ಲ ಅಂತ ಅವನು ಬರೆದ.

ಸಿಟ್ಟಾದವನು ಒಂದು ದಿನ ಹೊಡೆದು ಸುಸ್ತಾಗುತ್ತಾನೆ. ನಿನ್ನ ಒಳ್ಳೆಯದಕ್ಕೇ ಅನ್ನುವವನಿಗೆ ಸುಸ್ತೇ ಇಲ್ಲ. ಅದಕ್ಕೇ ಹೇಳುವುದು, ಸುಧಾರಕರ ಕೈಗೂ ಒಂದು ಗೆರೆ ಬೇಕು. ಶಿಕ್ಷೆಗೆ ಒಂದು ಕೊನೆ ಇರಬೇಕು, ಆ ಕೊನೆಯನ್ನು ಕೋರ್ಟು ಮೊದಲೇ ಹೇಳಬೇಕು. "ಇವನು ಸುಧಾರಿಸಿದ್ದಾನೆ ಅಂತ ನಮಗೆ ಅನಿಸುವ ತನಕ" ಅನ್ನುವ ಶಿಕ್ಷೆ ಬಹಳ ಅಪಾಯ.

ಕುರುಗೋಡು ಹುಡುಗಿ

ಮೇಷ್ಟ್ರೇ, ತುಂಬ ಕಲಿತೆ. ಆದರೆ ಒಂದು ಕಡೆ ಒಪ್ಪುವುದಿಲ್ಲ. ಮಿತಿ, ನಿಧಾನ, ಎಚ್ಚರ ಅಂತ ಹೇಳಿಕೊಂಡೇ ನಮ್ಮವರನ್ನು ಎಷ್ಟು ವರ್ಷ ಕಾಯಿಸಿದ್ದಾರೆ ಗೊತ್ತಾ? 1894ರ ಬ್ರಿಟಿಷರ ಜೈಲು ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ರಾಜ್ಯಗಳಲ್ಲಿ ಹಾಗೇ ನಡೆಯಿತು. ಜೈಲು ಸುಧಾರಣೆಗೆ ಅಂತ ಕೇಂದ್ರ ನೇಮಿಸಿದ್ದ ಮುಲ್ಲಾ ಸಮಿತಿ 1983ರಲ್ಲೇ ವರದಿ ಕೊಟ್ಟಿತು. ಕೇಂದ್ರದ ಮಾದರಿ ಕಾಯ್ದೆ ಬಂದದ್ದು 2023ರಲ್ಲಿ!

ಇನ್ನೊಂದು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಅಡುಗೆಗೆ ಯಾವ ಜಾತಿ, ಕಕ್ಕಸು ತೊಳೆಯಲು ಯಾವ ಜಾತಿ ಅನ್ನುವ ಅರ್ಥದ ನಿಯಮ ಇದ್ದವು. ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ ಬಂದು ಎಪ್ಪತ್ತು ವರ್ಷ ದಾಟಿದ ಮೇಲೂ. ಪತ್ರಕರ್ತೆ ಸುಕನ್ಯಾ ಶಾಂತಾ ಕೋರ್ಟಿಗೆ ಹೋದ ಮೇಲೆ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅವನ್ನು ರದ್ದು ಮಾಡಿತು. ಜೈಲಿನ ರಿಜಿಸ್ಟರ್‌ನಲ್ಲಿ ಜಾತಿಯ ಕಾಲಂ ತೆಗೆಯಿರಿ ಅಂತಲೂ ಹೇಳಿತು. ಇಂಥದ್ದಕ್ಕೆ ಮಧ್ಯದ ದಾರಿ ಇದೆಯಾ? ಅರ್ಧ ಅಸ್ಪೃಶ್ಯತೆ ಅಂತ ಇರುತ್ತದಾ?

ಸಂಡೂರು ಮೇಷ್ಟ್ರು

ಇಲ್ಲ ತಾಯಿ, ಇರುವುದಿಲ್ಲ. ನೀನು ಹೇಳಿದ್ದು ಸರಿ. ಕ್ರೌರ್ಯದ ವಿಷಯದಲ್ಲಿ ಚೌಕಾಸಿ ಇಲ್ಲ, ಅದು ಇವತ್ತೇ ನಿಲ್ಲಬೇಕು. ಮನುಷ್ಯನ ಮನಸ್ಸನ್ನು ತಿದ್ದುತ್ತೇವೆ ಅಂತ ಹೊರಟಾಗ ಮಾತ್ರ ಎಚ್ಚರ ಬೇಕು ಅಂದೆ. ಕಕ್ಕಸು ಯಾರು ತೊಳೆಯಬೇಕು ಅನ್ನುವುದು ಮನಸ್ಸು ತಿದ್ದುವ ಪ್ರಶ್ನೆಯೇ ಅಲ್ಲ, ಅದು ಸರ್ಕಾರವೇ ಮಾಡಿದ ಅನ್ಯಾಯ.

ನಿವೃತ್ತ ವಾರ್ಡರ್

ನಾನು ಜೈಲು ಇಲಾಖೆಯಲ್ಲಿ ದುಡಿದವನು. ಎಲ್ಲಿ ಅಂತ ಕೇಳಬೇಡಿ. ಎಲ್ಲರೂ ಕೈದಿಯ ಬಗ್ಗೆ ಹೇಳಿದಿರಿ, ಕೀಲಿ ಹಿಡಿದವನ ಬಗ್ಗೆ ನಾನು ಹೇಳುತ್ತೇನೆ.

ಸಂಜೆ ಎಣಿಕೆ ಮಾಡಿ ಲಾಕಪ್ ಆದ ಮೇಲೆ ಜನ ತುಂಬಿದ ಬ್ಯಾರಕ್ಕಿನ ಹೊರಗೆ ಒಬ್ಬ ವಾರ್ಡರ್ ನಿಂತಿರುತ್ತಾನೆ. ಒಳಗೆ ಒಬ್ಬನ ಕಾಲು ಇನ್ನೊಬ್ಬನ ತಲೆಗೆ ತಾಗಿಸಿಕೊಂಡು ಮಲಗಿರುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಗೋಡೆ ರಾತ್ರಿಯೂ ಆರುವುದಿಲ್ಲ. ನಡುರಾತ್ರಿ ಒಬ್ಬನಿಗೆ ಎದೆನೋವು ಬಂದರೆ ಕೂಗು ಕೇಳುತ್ತದೆ, ಆದರೆ ಒಬ್ಬನೇ ಬಾಗಿಲು ತೆಗೆಯುವ ಹಾಗಿಲ್ಲ. ಮೇಲಿನವರು ಬರಬೇಕು, ಇನ್ನೊಬ್ಬ ಸಿಬ್ಬಂದಿ ಬರಬೇಕು, ಗಾಡಿ ಬರಬೇಕು. ಆ ಹೊತ್ತು ಸರಳು ಹಿಡಿದು ನಿಂತವನ ಮನಸ್ಸಿನಲ್ಲಿ ಏನಾಗುತ್ತದೆ ಅಂತ ಯಾರೂ ಬರೆಯುವುದಿಲ್ಲ. ಜನ ಕಡಿಮೆಯಾಗದೆ, ಸಿಬ್ಬಂದಿ ಜಾಸ್ತಿಯಾಗದೆ ನೀವು ಎಂಥ ತತ್ವ ತಂದರೂ ಅದು ಗೇಟಿನ ಹೊರಗೇ ಉಳಿಯುತ್ತದೆ.

ಇನ್ನೊಂದು ಮಾತು. ಹೊರಗಿನವರ ಕಣ್ಣು ಬಿದ್ದ ದಿನ ಜೈಲು ಬೇರೆ ಥರ ಇರುತ್ತದೆ. ಜಿಲ್ಲಾ ನ್ಯಾಯಾಧೀಶರು ಬರುತ್ತಾರೆ ಅಂದರೆ ಸಾರಿನಲ್ಲಿ ಬೇಳೆ ಕಾಣುತ್ತದೆ. ಅಧಿಕಾರಿಗಳಲ್ಲದ ಸಂದರ್ಶಕರನ್ನು ನೇಮಿಸಬೇಕು ಅಂತ ಹಳೆಯ ನಿಯಮದಲ್ಲೇ ಇದೆ. ಊರಿನ ಮೇಷ್ಟ್ರು, ಡಾಕ್ಟರು, ಹೆಣ್ಣುಮಕ್ಕಳು ಬಂದು ಒಳಗೆ ಓಡಾಡಿ, ಸಾರು ರುಚಿ ನೋಡಿ, ಪುಸ್ತಕದಲ್ಲಿ ಬರೆದು ಹೋಗಬೇಕು. ಅದು ಕೈದಿಗೂ ಒಳ್ಳೆಯದು, ಮರ್ಯಾದೆಯಿಂದ ಕೆಲಸ ಮಾಡುವ ಸಿಬ್ಬಂದಿಗೂ ಒಳ್ಳೆಯದು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಗೆ ನಾಟಕ ಕಲಿಸಿದಾಗ ಆದದ್ದೂ ಇದೇ. ಜನ ಮೊದಲ ಸಲ ಅವರ ಮುಖ ನೋಡಿದರು.

ಕೋಟೆ ಕೆಳಗಿನವನು

ಕಾಕಾ, ನೀವು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನನಗೆ ಬೇಕಾಗಿದ್ದ ಉತ್ತರ ಇದರಲ್ಲೇ ಇದೆ. ಸುನಿಲ್ ಬಾತ್ರಾ ನೆನಪಾದ. ತಿಹಾರ್‌ನಲ್ಲಿ ಮರಣದಂಡನೆ ಆಗಿದ್ದ ಕೈದಿ ಅವನು. ಒಂಟಿ ಸೆಲ್ಲಿನ ವಿರುದ್ಧ ಅವನು ಹೋರಾಡಿದ್ದಕ್ಕೆ, ಜೈಲಿನವರು ತಮ್ಮ ಇಷ್ಟಕ್ಕೆ ಹಾಗೆ ಇಡುವ ಹಾಗಿಲ್ಲ ಅಂತ 1978ರಲ್ಲಿ ತೀರ್ಪು ಬಂತು. ಆಮೇಲೆ ಇನ್ನೊಬ್ಬ ಕೈದಿಗೆ ಒಬ್ಬ ವಾರ್ಡರ್ ಹಿಂಸೆ ಕೊಟ್ಟಾಗ ಕೋರ್ಟಿಗೆ ಕಾಗದ ಬರೆದವನೂ ಅವನೇ. ಬೆಂಗಳೂರು ಜೈಲಿನಿಂದ ರಾಮಮೂರ್ತಿ ಅನ್ನುವ ಕೈದಿ ಬರೆದ ಕಾಗದದಿಂದ 1996ರ ತೀರ್ಪು ಬಂತು. ಜನ ಕಿಕ್ಕಿರಿದಿರುವುದು, ವಿಚಾರಣೆಯ ವಿಳಂಬ, ಆರೋಗ್ಯ, ಊಟ, ಮನೆಯವರ ಭೇಟಿ ಎಲ್ಲ ಅದರಲ್ಲಿದೆ. ಟೇಲರಣ್ಣನ ಚಿಕ್ಕಮ್ಮನ ಜಾಲರಿಯೂ ಈ ಪಟ್ಟಿಗೇ ಸೇರಬೇಕಾದದ್ದು.

ಒಳಗಿನ ದನಿ ಹೊರಗೆ ಬರಬೇಕು, ಹೊರಗಿನ ಕಣ್ಣು ಒಳಗೆ ಹೋಗಬೇಕು. ನಾನು ಕೇಳುವ ಸುಧಾರಣೆ ಇಷ್ಟೇ, ಮನಸ್ಸು ತಿದ್ದುವ ದೊಡ್ಡ ಆಸೆ ನನಗಿಲ್ಲ.

ಸಂಡೂರು ಮೇಷ್ಟ್ರು

ನಮ್ಮ ಊರಿನ ಎರಡು ಸಂಗತಿ ಸೇರಿಸುತ್ತೇನೆ. 1953ರ ತನಕ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಹಾಗಾಗಿ ತಮಿಳರ ಕಡೆಯ ರಾಜಕೀಯ ಕೈದಿಗಳು ಇಲ್ಲಿಗೆ ಬರುತ್ತಿದ್ದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸಿಕ್ಕಿಬಿದ್ದ ಕಾಮರಾಜರನ್ನು ಇಟ್ಟದ್ದು ನಮ್ಮ ಅಲ್ಲೀಪುರ ಜೈಲಿನಲ್ಲಿ. ಗಾಂಧಿ ಇರ್ವಿನ್ ಒಪ್ಪಂದ ಆದ ಮೇಲೆ 1931ರಲ್ಲಿ ಬಿಟ್ಟರು. ಇನ್ನು ಪೆರಿಯಾರ್. ಹಿಂದಿ ಹೇರಿಕೆ ವಿರುದ್ಧ ಹೋರಾಡಿ 1938ರ ಕೊನೆಯಲ್ಲಿ ಜೈಲು ಸೇರಿದರು, ಬಳ್ಳಾರಿಯಲ್ಲೂ ಇದ್ದರು. ಆಗ ಮದ್ರಾಸಿನ ಮುಖ್ಯಸ್ಥರು ರಾಜಾಜಿ. ಅದೇ ರಾಜಾಜಿ 1921ರಲ್ಲಿ ವೆಲ್ಲೂರು ಜೈಲು ಕಂಡವರು! ಒಳಗೆ ಇದ್ದು ಬಂದವರೇ ಅಧಿಕಾರ ಸಿಕ್ಕಾಗ ಬೀಗ ಹಾಕುತ್ತಾರೆ. ತುರ್ತು ಪರಿಸ್ಥಿತಿಯಲ್ಲೂ ಅಷ್ಟೇ. ಇವತ್ತು ಬೀಗ ಹಾಕುವವನು ನಾಳೆ ಒಳಗೆ ಇರಬಹುದು. ಮಿತಿಯ ರಾಜಕೀಯ ಬೇಕು ಅನ್ನಲು ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನನ್ನು ಕಾಡುವಂಥದ್ದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಮಿನ ಪ್ರಕಾರ ಜೈಲಿನಲ್ಲಿರುವವರಿಗೆ ಮತ ಇಲ್ಲ, ತೀರ್ಪಾಗದ ವಿಚಾರಣಾಧೀನರಿಗೂ ಇಲ್ಲ. ಜಾಮೀನಿನ ಮೇಲೆ ಹೊರಗಿದ್ದರೆ ಮತ ಇದೆ. ವಿಚಾರಣಾಧೀನ ಒಳಗಿದ್ದುಕೊಂಡೇ ಚುನಾವಣೆಗೆ ನಿಲ್ಲಬಹುದು, ಆದರೆ ಮತ ಹಾಕುವ ಹಾಗಿಲ್ಲ. ಮತ ಇಲ್ಲದವನ ಊಟದ ಬಗ್ಗೆ ಯಾವ ಶಾಸಕ ಕೇಳುತ್ತಾನೆ?

ಸಿರುಗುಪ್ಪ ರೈತ

ಎಲ್ಲ ಓದಿದೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಯಬೇಕು ಅಂತಲೂ ನನಗೆ ಆಸೆ ಇಲ್ಲ. ನಮ್ಮ ಅಣ್ಣ ವಾಪಸ್ ಬರುವುದಿಲ್ಲ. ಆದರೆ ಆ ಟೇಲರ್ ಹುಡುಗನ ಚಿಕ್ಕಮ್ಮನ ಮಾತು ಓದಿದಾಗ ನಮ್ಮ ಅವ್ವ ಕಣ್ಣಿಗೆ ಬಂದಳು. ಬೈಕ್ ಕದ್ದವನು ಒಳಗೆ, ಕೊಡಲಿ ಹಿಡಿದವನು ಹೊರಗೆ. ಇದು ನನಗೂ ನ್ಯಾಯ ಅಲ್ಲ, ಅವಳಿಗೂ ನ್ಯಾಯ ಅಲ್ಲ. ನಮ್ಮ ಕೇಸು ಇನ್ನೂ ಸಾಕ್ಷಿಯ ಹಂತದಲ್ಲೇ ಇದೆ. ಹೋದಾಗೆಲ್ಲ ಮುಂದಿನ ಡೇಟು. ಬೇಗ ತೀರ್ಪು ಕೊಡಿ, ತಪ್ಪು ಮಾಡಿದ್ದರೆ ಒಳಗೆ ಹಾಕಿ, ಎಷ್ಟು ವರ್ಷ ಅಂತ ಹೇಳಿ. ಒಳಗೆ ಹೊಡೆಯಿರಿ, ಹಸಿವಿನಿಂದ ಸಾಯಿಸಿ ಅಂತ ನಾನು ಕೇಳುತ್ತಿಲ್ಲ.

ವಕೀಲಮ್ಮಾ, ಆ ಪರಿಹಾರದ ಅರ್ಜಿ ಎಲ್ಲಿ ಕೊಡಬೇಕು? ಅತ್ತಿಗೆಗೆ ಓದಲು ಬರುವುದಿಲ್ಲ.

ಕೌಲ್ ಬಜಾರ್ ಟೇಲರ್

ಅಕ್ಕಾ, ನನಗೂ ಹೇಳಿ. ನಮ್ಮ ಓಣಿಯ ಇನ್ನೊಬ್ಬ ಹುಡುಗ ಈಗ ಒಳಗಿದ್ದಾನೆ, ಆರ್ಡರ್ ಆಗಿದೆ, ಶ್ಯೂರಿಟಿ ಇಲ್ಲ.

ಬಳ್ಳಾರಿ ವಕೀಲೆ

ಇಬ್ಬರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೇ ಬನ್ನಿ. 1987ರ ಕಾಯ್ದೆಯ 12ನೇ ಕಲಮಿನಲ್ಲಿ ಹೆಣ್ಣುಮಕ್ಕಳಿಗೂ, ಬಂಧನದಲ್ಲಿರುವವರಿಗೂ ವಕೀಲರ ನೆರವು ಉಚಿತ. ಈ ಎರಡಕ್ಕೂ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಬರುವ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು.

ಅಣ್ಣಾ, ನೀವು ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ, ಅತ್ತಿಗೆಯ ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ಅತ್ತಿಗೆಯನ್ನು ಕರೆದುಕೊಂಡೇ ಬನ್ನಿ, ಅರ್ಜಿ ಅಲ್ಲೇ ಬರೆಸೋಣ. ಆ ಊರಿನ ಷರತ್ತಿನ ಅರ್ಜಿಯನ್ನೂ ಸರ್ಕಾರಿ ವಕೀಲರ ಜೊತೆ ಮಾತಾಡಿ ಹಾಕಿಸೋಣ. ತಮ್ಮಾ, ನೀವು ಜಾಮೀನು ಆದೇಶದ ಪ್ರತಿ ತನ್ನಿ. ಆದೇಶ ಆದ ತಾರೀಕು ಮುಖ್ಯ, ತಿಂಗಳು ದಾಟಿದ್ದರೆ ಷರತ್ತು ಸಡಿಲಿಸಲು ಕೇಳೋಣ.